ಪೀಠದಲ್ಲಿ ಯಾರು ಕೂರಬೇಕು? ಅಮೆರಿಕದ ನ್ಯಾಯಾಧೀಶರ ಒಂದು ಹಳೇ ಜಗಳ

ಇವತ್ತು ಒಂದು ಜಗಳದ ಕತೆ ಹೇಳ್ತೀನಿ. ಜಗಳ ಆಡಿದವರು ಕಕ್ಷಿದಾರರಲ್ಲ, ವಕೀಲರೂ ಅಲ್ಲ. ಎತ್ತರದ ಕುರ್ಚಿಯಲ್ಲಿ ಕಪ್ಪು ನಿಲುವಂಗಿ ಹಾಕ್ಕೊಂಡು ಕೂರುವ ನ್ಯಾಯಾಧೀಶರೇ. ಅದೂ ಕೋಣೆಯೊಳಗೆ ಪಿಸುಮಾತಿನಲ್ಲಲ್ಲ, ತೀರ್ಪಿನ ಪುಟಗಳಲ್ಲಿ, ಎಲ್ಲರಿಗೂ ಕಾಣುವ ಹಾಗೆ.

ಮೊದಲು ಇತ್ತೀಚಿನದು. 2025ರ ಆಗಸ್ಟ್‌ನಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯ ತನ್ನ 38 ಸಂಸದ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಗೀಚಿಕೊಂಡಿತು. ಜನಗಣತಿ ಆಗಿ ಐದು ವರ್ಷ ಕಳೆದಿತ್ತು, ಮುಂದಿನದಕ್ಕೆ ಇನ್ನೂ ಐದು ವರ್ಷ ಇತ್ತು. ನಡುವೆ ಯಾಕೆ ಅಂದ್ರೆ ಉತ್ತರ ಸುಲಭ: ರಿಪಬ್ಲಿಕನ್ ಪಕ್ಷಕ್ಕೆ ಐದು ಸೀಟು ಹೆಚ್ಚು ಬೇಕಿತ್ತು. ಅದನ್ನು ಅಲ್ಲಿಯ ಮುಖಂಡರು ಮುಚ್ಚಿಡಲೂ ಇಲ್ಲ. ಕಪ್ಪು ಮತ್ತು ಲ್ಯಾಟಿನೋ ಮತದಾರರ ಸಂಘಟನೆಗಳು ಕೋರ್ಟಿಗೆ ಹೋದವು. ಇದು ಪಕ್ಷದ ಲೆಕ್ಕ ಮಾತ್ರ ಅಲ್ಲ, ಜನಾಂಗದ ಲೆಕ್ಕ ಅನ್ನೋದು ಅವರ ವಾದ. ಎಲ್ ಪಾಸೋ ಊರಿನಲ್ಲಿ ಮೂವರು ನ್ಯಾಯಾಧೀಶರ ಪೀಠ ಅಕ್ಟೋಬರ್‌ನಲ್ಲಿ ವಿಚಾರಣೆ ನಡೆಸಿತು. ನವೆಂಬರ್ 18ಕ್ಕೆ 160 ಪುಟಗಳ ಆದೇಶ ಬಂತು. ಇಬ್ಬರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಹೊಸ ನಕ್ಷೆಗೆ ತಡೆ ಬಿತ್ತು.

ತಡೆ ಕೊಟ್ಟ ಆದೇಶ ಬರೆದವರು ಜೆಫ್ರಿ ಬ್ರೌನ್. ಟ್ರಂಪ್ ಅವರೇ ನೇಮಿಸಿದ ನ್ಯಾಯಾಧೀಶರು. ಅವರ ಜೊತೆ ಸೇರಿದವರು ಒಬಾಮ ನೇಮಿಸಿದ ಡೇವಿಡ್ ಗ್ವಾಡರಾಮ. ಒಪ್ಪದೇ ಉಳಿದವರು 1987ರಲ್ಲಿ ರೇಗನ್ ನೇಮಿಸಿದ ಹಿರಿಯರು, ಐದನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯದ ಜೆರ್ರಿ ಸ್ಮಿತ್. ಮರುದಿನ ಅವರ ಭಿನ್ನ ತೀರ್ಪು ಬಂತು, 104 ಪುಟ. ಶುರುವಾಗೋದೇ ಒಂದು ಹಳೇ ಹಾಲಿವುಡ್ ಸಿನಿಮಾದ ಡೈಲಾಗಿನಿಂದ. ಸೀಟ್ ಬೆಲ್ಟ್ ಹಾಕ್ಕೊಳ್ಳಿ, ದಾರಿ ಒರಟಾಗಿದೆ ಅನ್ನೋ ಧಾಟಿ. ಆಮೇಲೆ ಬ್ರೌನ್ ಬರೆದ ತೀರ್ಪಿಗೆ ಕಟ್ಟುಕತೆಯ ನೊಬೆಲ್ ಪ್ರಶಸ್ತಿ ಕೊಡಬಹುದು ಅಂದರು. ಲಾಭ ಆಗೋದು ಜಾರ್ಜ್ ಸೊರೊಸ್‌ಗೆ ಮತ್ತು ಕ್ಯಾಲಿಫೋರ್ನಿಯಾ ಗವರ್ನರ್ ಗ್ಯಾವಿನ್ ನ್ಯೂಸಮ್‌ಗೆ ಅಂದರು. ನ್ಯಾಯಾಧೀಶರೊಬ್ಬರ ಲೇಖನಿಯಿಂದ ಬಂದ ಮಾತುಗಳು ಇವು.

ಬೈಗುಳದ್ದೇ ಸುದ್ದಿ ಆಯ್ತು. ಆದರೆ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಸ್ಮಿತ್ ಅವರ ಮೊದಲ ದೂರು ಕಾನೂನಿನ ಬಗ್ಗೆ ಅಲ್ಲವೇ ಅಲ್ಲ. ನನ್ನ ಭಿನ್ನ ತೀರ್ಪು ಬರೆಯೋಕೆ ಸಮಯ ಕೊಡಲಿಲ್ಲ, ನನ್ನನ್ನು ಬಿಟ್ಟು ಆದೇಶ ಹೊರಡಿಸಿದರು, ಇಷ್ಟು ವರ್ಷಗಳಲ್ಲಿ ನಾನು ಕಂಡ ಅತ್ಯಂತ ಕೆಟ್ಟ ನಡವಳಿಕೆ ಇದು ಅಂತ. ಸಹೋದ್ಯೋಗಿಗೆ ಕಾನೂನು ಅರ್ಥವಾಗಿಲ್ಲ ಅನ್ನೋದು ಒಂದು. ಸಹೋದ್ಯೋಗಿ ಆಟದ ನಿಯಮ ಮುರಿದ ಅನ್ನೋದು ಇನ್ನೊಂದು. ಮೊದಲನೆಯದು ನ್ಯಾಯಾಲಯದ ದಿನನಿತ್ಯದ ಊಟ, ಎರಡನೆಯದು ವಿಷ. ಮತ್ತೆ ಈ ಎರಡನೇ ಬಗೆಯ ದೂರು ಇದೇ ಐದನೇ ಸರ್ಕಿಟ್‌ನಲ್ಲಿ, ಇಂಥದ್ದೇ ಮೂವರ ಪೀಠಗಳ ವಿಚಾರದಲ್ಲೂ, 62 ವರ್ಷ ಹಿಂದೆ ಒಮ್ಮೆ ಎದ್ದಿತ್ತು. ಆ ಕತೆಯೇ ಇವತ್ತಿನದು.

ಮೊದಲು ಈ ಮೂವರ ಪೀಠ ಅಂದ್ರೇನು ಹೇಳಿಬಿಡ್ತೀನಿ. ಅಮೆರಿಕದ ಫೆಡರಲ್ ವ್ಯವಸ್ಥೆಯಲ್ಲಿ ಕೆಳಗೆ ಜಿಲ್ಲಾ ನ್ಯಾಯಾಲಯ, ಅಲ್ಲಿ ಸಾಮಾನ್ಯವಾಗಿ ಒಬ್ಬರೇ ನ್ಯಾಯಾಧೀಶರು. ಅದರ ಮೇಲೆ ಸರ್ಕಿಟ್ ಅನ್ನುವ ಮೇಲ್ಮನವಿ ನ್ಯಾಯಾಲಯ, ಅಲ್ಲಿ ಮೂವರು ಮೂವರಾಗಿ ಕೂರ್ತಾರೆ. ಅದರ ಮೇಲೆ ಸುಪ್ರೀಂ ಕೋರ್ಟ್. ಈ ಏಣಿಯಲ್ಲಿ 1910ರಲ್ಲಿ ಒಂದು ವಿಚಿತ್ರ ಮೆಟ್ಟಿಲು ಸೇರಿಕೊಂಡಿತು. ಅದಕ್ಕೆ ಎರಡು ವರ್ಷ ಮುಂಚೆ, ಮಿನ್ನೆಸೋಟ ರಾಜ್ಯದ ರೈಲು ದರದ ಕೇಸಿನಲ್ಲಿ, ರಾಜ್ಯದ ಕಾನೂನನ್ನು ಫೆಡರಲ್ ನ್ಯಾಯಾಧೀಶರು ತಡೆಹಿಡಿಯಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ರಾಜ್ಯಗಳು ಕೆರಳಿದವು. ಶಾಸನಸಭೆ ಮಾಡಿದ ಕಾನೂನನ್ನು ಎಲ್ಲೋ ಕೂತ ಒಬ್ಬ ಮನುಷ್ಯ ಒಂದು ಸಹಿಯಿಂದ ನಿಲ್ಲಿಸೋದಾ? ಅದಕ್ಕೇ ಅಲ್ಲಿಯ ಸಂಸತ್ತು ನಿಯಮ ಮಾಡಿತು: ಅಂಥ ತಡೆ ಕೊಡಬೇಕಾದರೆ ಮೂವರು ಕೂರಬೇಕು, ಅವರಲ್ಲಿ ಒಬ್ಬರಾದರೂ ಮೇಲ್ಮನವಿ ನ್ಯಾಯಾಲಯದವರಾಗಿರಬೇಕು, ಅಲ್ಲಿಂದ ಅಪೀಲು ನೇರ ಸುಪ್ರೀಂ ಕೋರ್ಟಿಗೆ. ದೂರು ಮೊದಲು ಬಂದ ಜಿಲ್ಲಾ ನ್ಯಾಯಾಧೀಶರು ಪೀಠದಲ್ಲಿ ಇದ್ದೇ ಇರ್ತಾರೆ. ಉಳಿದ ಇಬ್ಬರನ್ನು ಆರಿಸೋದು ಯಾರು? ಈಗಿರುವ ಕಾನೂನಿನ ಪ್ರಕಾರ ಸರ್ಕಿಟ್‌ನ ಮುಖ್ಯ ನ್ಯಾಯಾಧೀಶರು. 1960ರ ದಶಕದಲ್ಲೂ ಅವರೇ. ಇಡೀ ಜಗಳ ಇರೋದು ಇಲ್ಲೇ.

ಒಬ್ಬ ನ್ಯಾಯಾಧೀಶರ ಕೈಯಲ್ಲಿ ಇಷ್ಟು ಅಧಿಕಾರ ಯಾಕೆ ಅನ್ನುವ ಆ ಹಳೇ ಸಿಟ್ಟು ಇವತ್ತಿಗೂ ಆರಿಲ್ಲ ನೋಡಿ. 2025ರ ಜೂನ್ 27ರಂದು, ಜನ್ಮಸಿದ್ಧ ಪೌರತ್ವದ ವಿಷಯಕ್ಕೆ ಸಂಬಂಧಿಸಿದ ಕೇಸಿನಲ್ಲಿ, ಜಿಲ್ಲಾ ನ್ಯಾಯಾಧೀಶರು ಕಕ್ಷಿದಾರರನ್ನು ಮೀರಿ ಇಡೀ ದೇಶಕ್ಕೆ ಅನ್ವಯಿಸುವ ತಡೆಯಾಜ್ಞೆ ಕೊಡುವ ಅಧಿಕಾರವನ್ನು ಸುಪ್ರೀಂ ಕೋರ್ಟ್ 6-3ರಲ್ಲಿ ಮೊಟಕು ಮಾಡಿತು. ಅಲ್ಲೂ ಬ್ಯಾರೆಟ್ ಮತ್ತು ಜ್ಯಾಕ್ಸನ್ ಅವರ ನಡುವೆ ಮಾತು ಖಾರವಾಗೇ ಇತ್ತು. ಅದು ಇನ್ನೊಂದು ದಿನಕ್ಕಿರಲಿ.

ಈಗ ದಕ್ಷಿಣಕ್ಕೆ ಹೋಗೋಣ. ಆ ಕಾಲದ ಐದನೇ ಸರ್ಕಿಟ್ ಇವತ್ತಿನದಕ್ಕಿಂತ ಬಹಳ ದೊಡ್ಡದು. ಟೆಕ್ಸಸ್, ಲೂಸಿಯಾನ, ಮಿಸಿಸಿಪ್ಪಿ, ಅಲಬಾಮ, ಜಾರ್ಜಿಯ, ಫ್ಲಾರಿಡ, ಆರು ರಾಜ್ಯ. ಮುಖ್ಯ ಕೇಂದ್ರ ನ್ಯೂ ಆರ್ಲಿಯನ್ಸ್. 1954ರಲ್ಲಿ ಸುಪ್ರೀಂ ಕೋರ್ಟ್ ಬ್ರೌನ್ ಪ್ರಕರಣದಲ್ಲಿ ಶಾಲೆಗಳಲ್ಲಿ ಕಪ್ಪು-ಬಿಳಿ ಬೇರ್ಪಡಿಕೆ ಸಂವಿಧಾನಬಾಹಿರ ಅಂದಿತಲ್ಲ, ಅದನ್ನು ನೆಲದ ಮೇಲೆ ಜಾರಿ ಮಾಡಬೇಕಾದ ಜಾಗ ಇದೇ. ದೆಹಲಿಯಲ್ಲಿ ತೀರ್ಪಾಗಿ ಹಳ್ಳಿಯಲ್ಲಿ ಜಾರಿಯಾಗೋದಕ್ಕೆ ಎಷ್ಟು ದೂರ ಇರುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ವಾಷಿಂಗ್ಟನ್‌ನಿಂದ ಮಿಸಿಸಿಪ್ಪಿಗೂ ಅಷ್ಟೇ ದೂರ.

ಮೂವರ ಪೀಠ ಏನು ಮಾಡಬಲ್ಲದು ಅನ್ನೋದಕ್ಕೆ 1956ರ ಮಾಂಟ್ಗೊಮರಿ ನೋಡಿ. ರೋಸಾ ಪಾರ್ಕ್ಸ್, ಬಸ್ ಬಹಿಷ್ಕಾರ, ಮಾರ್ಟಿನ್ ಲೂಥರ್ ಕಿಂಗ್, ಇವೆಲ್ಲ ನಮಗೆ ಗೊತ್ತು. ಆದರೆ ಬಸ್ಸಿನ ಬೇರ್ಪಡಿಕೆಯನ್ನು ಕಾನೂನಿನಲ್ಲಿ ಮುಗಿಸಿದ್ದು ಔರೇಲಿಯ ಬ್ರೌಡರ್ ಮತ್ತಿತರ ಕಪ್ಪು ಮಹಿಳೆಯರು ಹಾಕಿದ ದಾವೆ. ಅವರಲ್ಲಿ ರೋಸಾ ಪಾರ್ಕ್ಸ್ ಇರಲೇ ಇಲ್ಲ. ಪೀಠದಲ್ಲಿ ಮೂವರೂ ಅಲಬಾಮದವರೇ: ಮಾಂಟ್ಗೊಮರಿಯ ಸರ್ಕಿಟ್ ನ್ಯಾಯಾಧೀಶ ರಿಚರ್ಡ್ ರೈವ್ಸ್, ಜಿಲ್ಲಾ ನ್ಯಾಯಾಧೀಶ ಫ್ರಾಂಕ್ ಜಾನ್ಸನ್, ಇನ್ನೊಬ್ಬ ಜಿಲ್ಲಾ ನ್ಯಾಯಾಧೀಶ ಸೀಬರ್ನ್ ಲಿನ್. ತೀರ್ಪು 2-1. ರೈವ್ಸ್ ಮತ್ತು ಜಾನ್ಸನ್, ಬೇರ್ಪಡಿಕೆ ಹೋಗಬೇಕು ಅಂದರು. ಲಿನ್ ಅವರ ಭಿನ್ನಮತವೂ ಪೊಳ್ಳಲ್ಲ: 1896ರ ಹಳೇ ತೀರ್ಪನ್ನು ಸುಪ್ರೀಂ ಕೋರ್ಟ್ ಸಾರಿಗೆ ವಿಷಯದಲ್ಲಿ ಸ್ಪಷ್ಟವಾಗಿ ರದ್ದು ಮಾಡಿಲ್ಲ, ಅದನ್ನು ಮಾಡೋದಕ್ಕೆ ಕೆಳಗಿನವರು ನಾವು ಯಾರು ಅಂತ. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರೈವ್ಸ್ ಪರ ನಿಂತಿತು.

ಒಂದು ಮತದ ಅಂತರ. ಪೀಠದಲ್ಲಿ ಜಾನ್ಸನ್ ಜಾಗದಲ್ಲಿ ಇನ್ನೊಬ್ಬರು ಕೂತಿದ್ದರೆ? ಇದನ್ನು ತಲೇಲಿ ಇಟ್ಕೊಂಡಿರಿ.

ರೈವ್ಸ್ ಒಬ್ಬರೇ ಅಲ್ಲ. ಐದನೇ ಸರ್ಕಿಟ್‌ನ ಒಂಬತ್ತು ನ್ಯಾಯಾಧೀಶರಲ್ಲಿ ನಾಲ್ವರು ನಾಗರಿಕ ಹಕ್ಕಿನ ಕೇಸುಗಳಲ್ಲಿ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ನಡೀತಿದ್ದರು. ಅಟ್ಲಾಂಟದ ಎಲ್ಬರ್ಟ್ ಟಟಲ್, ನ್ಯೂ ಆರ್ಲಿಯನ್ಸ್‌ನ ಜಾನ್ ಮೈನರ್ ವಿಸ್ಡಮ್, ಹ್ಯೂಸ್ಟನ್‌ನ ಜಾನ್ ಬ್ರೌನ್ (ಟೆಕ್ಸಸ್ ನಕ್ಷೆಯ ಬ್ರೌನ್ ಬೇರೆ, ಇವರು ಬೇರೆ), ಮತ್ತೆ ರೈವ್ಸ್. ತಮಾಷೆ ಏನಂದ್ರೆ ಇವರಲ್ಲಿ ಡೆಮಾಕ್ರಾಟ್ ರೈವ್ಸ್ ಒಬ್ಬರೇ. ಉಳಿದ ಮೂವರೂ ರಿಪಬ್ಲಿಕನ್ನರು, ಐಸೆನ್‌ಹೋವರ್ ನೇಮಿಸಿದವರು. ಟಟಲ್ ಹವಾಯಿಯಲ್ಲಿ ಬೆಳೆದವರು, ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್‌ನಲ್ಲಿ ಗಾಯಗೊಂಡು ಬಂದವರು. 1960ರ ಕೊನೆಯಿಂದ 1967ರವರೆಗೆ ಅವರೇ ಮುಖ್ಯ ನ್ಯಾಯಾಧೀಶರು.

ಇದಕ್ಕೆ ಇವರು ತೆತ್ತ ಬೆಲೆ ಸಣ್ಣದಲ್ಲ. ವಿಸ್ಡಮ್ ಅವರ ಸಾಕುನಾಯಿಗಳಿಗೆ ವಿಷ ಹಾಕಿದರು, ಅಂಗಳಕ್ಕೆ ಬುಡುಬುಡುಕೆ ಹಾವು ಎಸೆದರು. ರೈವ್ಸ್ ಅವರ ಮಗ ಚಿಕ್ಕ ವಯಸ್ಸಿಗೇ ಅಪಘಾತದಲ್ಲಿ ತೀರಿಕೊಂಡಿದ್ದ. ಅವನ ಸಮಾಧಿ ಮೇಲೆ ಕಸ ಸುರಿದು ಹೋದರು. ಹಳೇ ಸ್ನೇಹಿತರು ರಸ್ತೆಯಲ್ಲಿ ಎದುರಾದರೆ ಮುಖ ತಿರುಗಿಸಿದರು. ತಾವು ಹುಟ್ಟಿ ಬೆಳೆದ ಊರಿನಲ್ಲೇ ಹೀಗೆ ಪರಕೀಯರಾಗೋದು ಹೇಗಿರುತ್ತೆ ಊಹಿಸಿ.

ಎದುರಿಗೆ ಇದ್ದವರು ಬೆಂಜಮಿನ್ ಫ್ರಾಂಕ್ಲಿನ್ ಕ್ಯಾಮರನ್. ಮಿಸಿಸಿಪ್ಪಿಯ ಮೆರಿಡಿಯನ್ ಊರಿನವರು. ಇವರೂ ಐಸೆನ್‌ಹೋವರ್ ನೇಮಿಸಿದವರೇ. ಫೆಡರಲ್ ಸರ್ಕಾರ ರಾಜ್ಯಗಳ ಬದುಕಿನಲ್ಲಿ ಕೈ ಹಾಕಬಾರದು ಅಂತ ಅವರ ಗಟ್ಟಿ ನಂಬಿಕೆ. ಆ ನಂಬಿಕೆಯ ನೆರಳಲ್ಲಿ ಬೇರ್ಪಡಿಕೆ ಸುಖವಾಗಿ ಮಲಗಿತ್ತು ಅನ್ನೋದು ನನ್ನ ಅಭಿಪ್ರಾಯ.

1962ರ ಬೇಸಿಗೆ. ಜೇಮ್ಸ್ ಮೆರಿಡಿತ್ ಅನ್ನುವ ಕಪ್ಪು ಯುವಕ, ವಾಯುಪಡೆಯಲ್ಲಿ ದುಡಿದು ಬಂದವರು, ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ ಸೀಟು ಕೇಳಿದ್ದರು. ವಿಶ್ವವಿದ್ಯಾಲಯ ಏನೇನೋ ನೆಪ ಹೇಳಿತು. ಜೂನ್ 25ರಂದು ವಿಸ್ಡಮ್ ಅವರ ಪೀಠ 2-1ರಲ್ಲಿ, ಸೇರಿಸಿಕೊಳ್ಳಿ ಅಂತ ಆದೇಶಿಸಿತು. ಆ ಪೀಠದಲ್ಲಿ ಕ್ಯಾಮರನ್ ಇರಲಿಲ್ಲ. ಆದರೂ ಅವರು ತಮ್ಮ ಊರಿನಲ್ಲಿ ಕೂತು ಆ ಆದೇಶಕ್ಕೆ ತಡೆ ಕೊಟ್ಟರು. ಪೀಠ ಆ ತಡೆಯನ್ನು ತೆಗೆದುಹಾಕಿತು. ಅವರು ಮತ್ತೆ ಕೊಟ್ಟರು. ಪೀಠ ಮತ್ತೆ ತೆಗೆಯಿತು. ಹೀಗೆ ನಾಲ್ಕು ಸಲ! ಕೊನೆಗೆ ಸೆಪ್ಟೆಂಬರ್ 10ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್, ಅವರೂ ಅಲಬಾಮದವರೇ, ಮಧ್ಯೆ ಬಂದು ಆ ಆಟ ನಿಲ್ಲಿಸಿದರು. ಸೆಪ್ಟೆಂಬರ್ 30ರ ರಾತ್ರಿ ಮೆರಿಡಿತ್ ಬಂದಾಗ ಕ್ಯಾಂಪಸ್ಸಿನಲ್ಲಿ ಗಲಭೆ, ಇಬ್ಬರ ಸಾವು, ಸೈನ್ಯದ ಪ್ರವೇಶ.

ಆದೇಶ ಧಿಕ್ಕರಿಸಿದ ಗವರ್ನರ್ ರಾಸ್ ಬಾರ್ನೆಟ್ ಮೇಲೆ ನ್ಯಾಯಾಂಗ ನಿಂದನೆ ಪ್ರಕರಣ ನಡೆಯಿತು. ಅವರಿಗೆ ಜೂರಿ ವಿಚಾರಣೆಯ ಹಕ್ಕು ಇದೆಯಾ ಅನ್ನೋ ಪ್ರಶ್ನೆಗೆ ಐದನೇ ಸರ್ಕಿಟ್ 4-4 ಅಂತ ಸೀಳಿತು. ಆ ಕಡೆಯ ನಾಲ್ವರು ಯಾರು ಅಂತ ನಾನು ಹೇಳಬೇಕಿಲ್ಲ.

ಈಗ 1963, ಬರ್ಮಿಂಗ್‌ಹ್ಯಾಮ್. ಮೇ ತಿಂಗಳು. ಶಾಲಾ ಮಕ್ಕಳು ಬೀದಿಗಿಳಿದಿದ್ದರು. ಪೊಲೀಸ್ ನಾಯಿ, ನೀರಿನ ಫಿರಂಗಿ, ಆ ಫೋಟೊಗಳನ್ನು ನೀವೂ ನೋಡಿರ್ತೀರಿ. ಮೆರವಣಿಗೆಗೆ ಹೋದ ತಪ್ಪಿಗೆ ಶಿಕ್ಷಣ ಮಂಡಳಿ 1,081 ಕಪ್ಪು ವಿದ್ಯಾರ್ಥಿಗಳನ್ನು ಶಾಲೆಯಿಂದ ಹೊರಹಾಕಿತು. ಮೇ 22ರಂದು ಜಿಲ್ಲಾ ನ್ಯಾಯಾಧೀಶರು ಮಧ್ಯೆ ಬರೋಕೆ ಒಪ್ಪಲಿಲ್ಲ. ಮಕ್ಕಳ ವಕೀಲರು ಅಟ್ಲಾಂಟಕ್ಕೆ ಓಡಿದರು. ಅದೇ ದಿನ ಸಂಜೆ ಟಟಲ್ ಒಬ್ಬರೇ ಕೂತು ವಾದ ಕೇಳಿ, ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂತ ಆದೇಶ ಮಾಡಿದರು. ಬೆಳಗ್ಗೆ ಕೆಳಗಿನ ಕೋರ್ಟು, ಸಂಜೆ ಮೇಲಿನ ಕೋರ್ಟು! ನಮ್ಮಲ್ಲಿ ಪ್ರಮಾಣೀಕೃತ ಪ್ರತಿ ಸಿಗೋಕೇ ಇದಕ್ಕಿಂತ ಹೆಚ್ಚು ದಿನ ಹಿಡಿಯುತ್ತೆ.

ಕೆಲವರಿಗೆ ಇದು ಧೈರ್ಯ. ಕ್ಯಾಮರನ್ ಅವರಂಥವರಿಗೆ ಇದು ಮಿತಿ ಮೀರಿದ ಅಧಿಕಾರ. ಟಟಲ್ ಅವರ ವಾದ ಸರಳ: ವರ್ಷ ಮುಗಿಯೋಕೆ ಬಂದಿದೆ, ಇವತ್ತು ಮಾಡದಿದ್ದರೆ ಮಕ್ಕಳ ಒಂದು ವರ್ಷ ಹೋಗುತ್ತೆ, ಆಮೇಲೆ ಎಂಥ ನ್ಯಾಯ ಕೊಟ್ಟರೂ ಅದು ಬರಲ್ಲ.

ಜುಲೈ 12ರಂದು ಅದೇ ಊರಿನ ಶಾಲೆಗಳ ಮೂಲ ದಾವೆ ಬಂತು. ಕೆಳಗೆ ಅದನ್ನು ವಿಚಾರಿಸಿ ತಡೆಯಾಜ್ಞೆ ನಿರಾಕರಿಸಿದ್ದವರು ಅದೇ ಸೀಬರ್ನ್ ಲಿನ್. ರೈವ್ಸ್ ಮತ್ತು ಟಟಲ್, ಆ ಸೆಪ್ಟೆಂಬರ್‌ನಿಂದಲೇ ಬೇರ್ಪಡಿಕೆ ಬಿಡಿಸೋದು ಶುರುವಾಗಬೇಕು ಅಂದರು. ಮೂರನೆಯವರು ವಾಲ್ಟರ್ ಗೆವಿನ್, ಒಪ್ಪಲಿಲ್ಲ. ಮತ್ತೆ 2-1. ಇಡೀ ಒಂಬತ್ತು ಜನ ಕೂತು ಮರುಪರಿಶೀಲಿಸಲಿ ಅಂತ ಕೇಳಿದ್ದಕ್ಕೆ ಸಿಕ್ಕಿದ್ದು ನಿರಾಕರಣೆ. ಜುಲೈ 30ರಂದು ಕ್ಯಾಮರನ್ ಆ ನಿರಾಕರಣೆಗೆ ಭಿನ್ನಮತ ಬರೆದರು.

ಬರ್ಮಿಂಗ್‌ಹ್ಯಾಮ್ ಶಾಲೆಗಳ ವಿಷಯ ಅಲ್ಲಿ ನೆಪ ಮಾತ್ರ. ಅವರು ಬರೆದದ್ದು ತಮ್ಮದೇ ನ್ಯಾಯಾಲಯದ ಮೇಲಿನ ಆರೋಪಪಟ್ಟಿ. ಟಟಲ್, ರೈವ್ಸ್, ಬ್ರೌನ್, ವಿಸ್ಡಮ್, ಇವರಿಗೆ 'ಆ ನಾಲ್ವರು' ಅಂತ ಹೆಸರಿಟ್ಟರು. ಹಿಂದಿನ ಎರಡು ವರ್ಷಗಳ ಜನಾಂಗೀಯ ಪ್ರಕರಣಗಳನ್ನು ಪಟ್ಟಿ ಮಾಡಿ, ಬಹುಪಾಲು ಪೀಠಗಳಲ್ಲಿ ಈ ನಾಲ್ವರದೇ ಬಹುಮತ ಇತ್ತು ಅಂತ ತೋರಿಸಿದರು. ಒಂಬತ್ತರಲ್ಲಿ ನಾಲ್ವರು ಅಂದ್ರೆ ಅರ್ಧಕ್ಕಿಂತ ಕಡಿಮೆ. ಪೀಠಗಳಲ್ಲಿ ಮಾತ್ರ ಹೇಗೆ ಬಹುಮತ? ಇನ್ನೊಂದು ಆರೋಪ ಮೂವರ ಪೀಠಗಳದ್ದು. ಆ ರಾಜ್ಯದಲ್ಲೇ ವಾಸಿಸುವ ಸರ್ಕಿಟ್ ನ್ಯಾಯಾಧೀಶರನ್ನು ಪೀಠಕ್ಕೆ ಹಾಕುವ ರೂಢಿ ಇತ್ತು. ಮಿಸಿಸಿಪ್ಪಿಯಲ್ಲಿ ವಾಸವಾಗಿದ್ದ ಸರ್ಕಿಟ್ ನ್ಯಾಯಾಧೀಶರು ಕ್ಯಾಮರನ್ ಒಬ್ಬರೇ. ಟಟಲ್ ಆ ರೂಢಿಯನ್ನು ಬಿಟ್ಟು ಹೊರಗಿನವರನ್ನು ತಂದು ಕೂರಿಸ್ತಿದ್ದಾರೆ ಅನ್ನೋದು ದೂರು.

ಒಂದು ಕ್ಷಣ ನಿಲ್ಲೋಣ. ಈ ರೂಢಿಯನ್ನು ಮಾಂಟ್ಗೊಮರಿಯ ಪಕ್ಕ ಇಟ್ಟು ನೋಡಿ. ಅಲಬಾಮದಲ್ಲಿ ಅದೇ ರೂಢಿ ರೈವ್ಸ್ ಅವರನ್ನು ತಂದು ಕೂರಿಸಿತ್ತು, ಬಸ್ಸಿನ ಬೇರ್ಪಡಿಕೆ ಹೋಯ್ತು. ಮಿಸಿಸಿಪ್ಪಿಯಲ್ಲಿ ಅದೇ ರೂಢಿ ಪಾಲಿಸಿದ್ದರೆ ಒಂದು ಕುರ್ಚಿ ಕ್ಯಾಮರನ್ ಅವರದ್ದು. ಇನ್ನೊಂದು ಜಿಲ್ಲಾ ನ್ಯಾಯಾಧೀಶ ಹೆರಾಲ್ಡ್ ಕಾಕ್ಸ್ ಅವರದ್ದಾಗುವ ಸಂಭವ ಹೆಚ್ಚು. ಈ ಕಾಕ್ಸ್ ಯಾರು ಅಂದ್ರೆ, ಮತದಾರರ ಪಟ್ಟಿಗೆ ಹೆಸರು ಸೇರಿಸೋಕೆ ಬಂದ ಕಪ್ಪು ಜನರನ್ನು 1964ರಲ್ಲಿ ತೆರೆದ ನ್ಯಾಯಾಲಯದಲ್ಲೇ ಚಿಂಪಾಂಜಿಗಳಿಗೆ ಹೋಲಿಸಿದವರು. ಅವರನ್ನು ನೇಮಿಸಿದ್ದು ಜಾನ್ ಕೆನಡಿ, ಅದನ್ನೂ ಹೇಳಿಬಿಡಬೇಕು. ಈ ಇಬ್ಬರು ಒಟ್ಟಿಗೆ ಕೂತರೆ ಮೂರನೆಯವರು ಯಾರಾದರೇನು, ವಾದಕ್ಕೆ ಮುಂಚೆಯೇ ತೀರ್ಪು ತಯಾರು. ಟಟಲ್ ಎದುರಿಗೆ ಇದ್ದ ಆಯ್ಕೆ ಇದು. ರೂಢಿ ಉಳಿಸಿದರೆ ಮಿಸಿಸಿಪ್ಪಿಯಲ್ಲಿ ಸಂವಿಧಾನ ಸಾಯುತ್ತೆ. ರೂಢಿ ಮುರಿದರೆ, ಪೀಠ ಜೋಡಿಸುವ ಕೈ ನಿಷ್ಪಕ್ಷಪಾತ ಅನ್ನುವ ನಂಬಿಕೆ ಸಾಯುತ್ತೆ.

ಅಂದು ಟಟಲ್ ಹೊರಗೆ ಒಂದು ಮಾತೂ ಆಡಲಿಲ್ಲ. ಪತ್ರಿಕೆಗಳು ಬರೆದವು, ದಕ್ಷಿಣದ ರಾಜಕಾರಣಿಗಳಿಗೆ ಹಬ್ಬ ಆಯ್ತು. ನ್ಯಾಯಾಧೀಶರು ಮುಚ್ಚಿದ ಬಾಗಿಲ ಹಿಂದೆ ಕೂತು ತಮ್ಮತಮ್ಮಲ್ಲೇ ಮಾತಾಡಿದರು. ಜಗಳ ಬೀದಿಯಲ್ಲಿ ಮುಂದುವರಿಯಲಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಶಾಲೆಗಳಿಗೆ ಕಪ್ಪು ಮಕ್ಕಳು ಕಾಲಿಟ್ಟರು. ಅದೇ ತಿಂಗಳು 15ರಂದು ಅಲ್ಲಿಯ ಚರ್ಚಿಗೆ ಬಾಂಬ್ ಇಟ್ಟು ನಾಲ್ಕು ಹೆಣ್ಣುಮಕ್ಕಳನ್ನು ಕೊಂದರು. ಕ್ಯಾಮರನ್ ಮುಂದಿನ ಏಪ್ರಿಲ್‌ನಲ್ಲಿ ತೀರಿಕೊಂಡರು.

ಕ್ಯಾಮರನ್ ಹೇಳಿದ್ದು ನಿಜವಾ? ಆಮೇಲಿನ ವಿದ್ವಾಂಸರು ದಾಖಲೆ ಕೆದಕಿ ಲೆಕ್ಕ ಹಾಕಿದ್ದಾರೆ. ಎಲ್ಲರೂ ಒಂದೇ ತೀರ್ಮಾನಕ್ಕೆ ಬಂದಿಲ್ಲ, ಆದರೆ ಆಕಸ್ಮಿಕ ಅಂತ ತಳ್ಳಿಹಾಕೋಕೆ ಕಷ್ಟ ಅಂದವರು ಇದ್ದಾರೆ. ನಾನು ಓದಿದ ಮಟ್ಟಿಗೆ ನನಗೆ ಅನ್ನಿಸೋದು ಹೀಗೆ: ಕಾನೂನಿನಲ್ಲಿ ಕ್ಯಾಮರನ್ ತಪ್ಪು, ಘೋರವಾಗಿ ತಪ್ಪು. ಪೀಠದಲ್ಲಿ ಇಲ್ಲದೆಯೂ ನಾಲ್ಕು ಸಲ ತಡೆ ಕೊಟ್ಟ ಮನುಷ್ಯ ನಿಯಮದ ಬಗ್ಗೆ ಪಾಠ ಹೇಳೋದು ಕೇಳೋಕೂ ಕಷ್ಟ. ಆದರೆ ಅವರು ಕೇಳಿದ ಪ್ರಶ್ನೆ ತಪ್ಪಲ್ಲ. ಒಳ್ಳೆಯ ಮುಖ್ಯ ನ್ಯಾಯಾಧೀಶರು ಒಳ್ಳೆಯ ಉದ್ದೇಶಕ್ಕೆ ಬಳಸಿದ ಆ ಲೇಖನಿಯೇ ನಾಳೆ ಕೆಟ್ಟವರ ಜೇಬಿಗೆ ಹೋಗುತ್ತೆ. ಟಟಲ್ ಮಾಡಿದ್ದನ್ನು ನಾನು ಒಪ್ತೀನಿ. ಅದನ್ನು ಮಾಡುವ ಅಧಿಕಾರ ಮುಂದಿನವರಿಗೆ ಇರಬೇಕಾ ಅಂದ್ರೆ ಬೇಡ ಅಂತೀನಿ. ಎರಡನ್ನೂ ಒಟ್ಟಿಗೆ ಹೇಳೋದು ಸ್ವಲ್ಪ ಇರುಸುಮುರುಸು, ಇರಲಿ.

ನಮಗೆ ಈ ಪ್ರಶ್ನೆ ಹೊಸದಲ್ಲ. 2018ರ ಜನವರಿ 12ರಂದು ಸುಪ್ರೀಂ ಕೋರ್ಟಿನ ನಾಲ್ವರು ಹಿರಿಯ ನ್ಯಾಯಮೂರ್ತಿಗಳು, ಚಲಮೇಶ್ವರ್, ಗೊಗೊಯ್, ಲೋಕೂರ್, ಕುರಿಯನ್ ಜೋಸೆಫ್, ದೆಹಲಿಯ ಹುಲ್ಲುಹಾಸಿನ ಮೇಲೆ ಪತ್ರಕರ್ತರ ಮುಂದೆ ಬಂದು ಕೂತರಲ್ಲ, ಅವರ ಅಹವಾಲೂ ಇದೇ: ಯಾವ ಕೇಸು ಯಾವ ಪೀಠಕ್ಕೆ ಅಂತ ಹಂಚುವ ಕೈ. ಅಲ್ಲೂ ನಾಲ್ವರು, ಇಲ್ಲೂ ನಾಲ್ವರು. ಆದರೆ ಅಲ್ಲಿ ಮುಖ್ಯ ನ್ಯಾಯಾಧೀಶರೇ ನಾಲ್ವರಲ್ಲಿ ಒಬ್ಬರು, ಇಲ್ಲಿ ನಾಲ್ವರು ಮುಖ್ಯ ನ್ಯಾಯಮೂರ್ತಿಗಳ ಎದುರಿಗೆ. ಅದೇ ವರ್ಷ ಜುಲೈನಲ್ಲಿ ನಮ್ಮ ಸುಪ್ರೀಂ ಕೋರ್ಟ್, ರೋಸ್ಟರ್‌ನ ಒಡೆಯರು ಮುಖ್ಯ ನ್ಯಾಯಮೂರ್ತಿಗಳೇ ಅಂತ ಮತ್ತೊಮ್ಮೆ ಹೇಳಿ ಮುಗಿಸಿತು.

ಅಮೆರಿಕದಲ್ಲಿ ಜಗಳ 2002ರಲ್ಲಿ ಮತ್ತೆ ಎದ್ದಿತು, ಈ ಸಲ ಆರನೇ ಸರ್ಕಿಟ್‌ನಲ್ಲಿ. ಮಿಶಿಗನ್ ಕಾನೂನು ಕಾಲೇಜಿನ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸಬಹುದಾ ಅನ್ನೋ ಕೇಸು. ಪೂರ್ಣ ಪೀಠ 5-4ರಲ್ಲಿ ಆಗಬಹುದು ಅಂದಿತು. ನ್ಯಾಯಾಧೀಶ ಡ್ಯಾನಿ ಬಾಗ್ಸ್ ತಮ್ಮ ಭಿನ್ನ ತೀರ್ಪಿಗೆ ಒಂದು ಅನುಬಂಧ ಸೇರಿಸಿದರು: ಇಬ್ಬರು ನ್ಯಾಯಾಧೀಶರು ಪೂರ್ಣಾವಧಿ ಸೇವೆಯಿಂದ ಸರಿಯುವವರೆಗೆ ಮುಖ್ಯ ನ್ಯಾಯಾಧೀಶ ಬಾಯ್ಸ್ ಮಾರ್ಟಿನ್ ಅರ್ಜಿಯನ್ನು ಎಲ್ಲರಿಗೂ ಕಳಿಸದೆ ಇಟ್ಕೊಂಡಿದ್ದರು, ಇಲ್ಲದಿದ್ದರೆ ಮತ ಬೇರೆಯಾಗ್ತಿತ್ತು ಅಂತ. ಸಹೋದ್ಯೋಗಿ ಕ್ಯಾರೆನ್ ನೆಲ್ಸನ್ ಮೂರ್ ಕೆಂಡಾಮಂಡಲ ಆದರು; ಇಂಥದ್ದನ್ನು ಬರೆದು ನ್ಯಾಯಾಲಯದ ಮರ್ಯಾದೆ ಕಳೆದಿರಿ ಅನ್ನುವ ಅರ್ಥದಲ್ಲಿ ಉತ್ತರ ಬರೆದರು. ಮುಂದಿನ ವರ್ಷ ಸುಪ್ರೀಂ ಕೋರ್ಟ್ ಕಾಲೇಜಿನ ಪರವೇ ಹೇಳಿತು, ಅದೂ 5-4. ಆ ಅನುಬಂಧದ ಪ್ರಶ್ನೆ ಹಾಗೇ ಉಳಿಯಿತು.

ಇದಕ್ಕೆಲ್ಲ ಮದ್ದು ಚೀಟಿ ಎತ್ತೋದು ಅಂತೀರಾ? ಬಹುಪಾಲು ಕಡೆ ಈಗ ಹಾಗೇ, ಕೇಸು ಯಾರಿಗೆ ಅನ್ನೋದು ಕಂಪ್ಯೂಟರ್ ಚೀಟಿ. ಆದರೆ ಡಬ್ಬಿಯಲ್ಲಿ ಒಂದೇ ಚೀಟಿ ಇದ್ದರೆ? ಟೆಕ್ಸಸ್‌ನ ಅಮರಿಲೋ ಊರಿನಲ್ಲಿ ದಾವೆ ಹೂಡಿದರೆ ಅದು ಹೆಚ್ಚುಕಡಿಮೆ ಮ್ಯಾಥ್ಯೂ ಕ್ಯಾಸ್ಮರಿಕ್ ಅವರ ಮುಂದೆಯೇ ಬರ್ತಿತ್ತು. ಗರ್ಭಪಾತದ ಮಾತ್ರೆ ಮಿಫೆಪ್ರಿಸ್ಟೋನ್ ವಿರುದ್ಧದ ದಾವೆಯನ್ನು 2022ರ ನವೆಂಬರ್‌ನಲ್ಲಿ ಅಲ್ಲೇ ಹೂಡಿದ್ದು ಕಾಕತಾಳೀಯ ಅಲ್ಲ. 2023ರ ಏಪ್ರಿಲ್ 7ರಂದು ಅವರು ಆ ಮಾತ್ರೆಗೆ ಸಿಕ್ಕಿದ್ದ ಅನುಮೋದನೆಯನ್ನು ಅಮಾನತು ಮಾಡಿದರು. ಅದೇ ದಿನ, ಒಂದು ಗಂಟೆಯೊಳಗೆ, ವಾಷಿಂಗ್ಟನ್ ರಾಜ್ಯದ ಥಾಮಸ್ ರೈಸ್ ಅನ್ನುವ ನ್ಯಾಯಾಧೀಶರು, ಮಾತ್ರೆ ಸಿಗುವ ವ್ಯವಸ್ಥೆಯನ್ನು ಬದಲಿಸಬೇಡಿ ಅಂತ ತಮ್ಮ ಮುಂದಿದ್ದ ರಾಜ್ಯಗಳ ಮಟ್ಟಿಗೆ ಸರ್ಕಾರಿ ಇಲಾಖೆಗೆ ಆದೇಶ ಕೊಟ್ಟರು. ಒಂದೇ ಸರ್ಕಾರಿ ಇಲಾಖೆ, ಒಂದೇ ಸಂಜೆ, ಎರಡು ಎದುರುಬದುರು ಆದೇಶ. ಮುಂದಿನ ವರ್ಷ ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ದಾವೆ ಹೂಡಿದವರಿಗೆ ಆ ಹಕ್ಕೇ ಇಲ್ಲ ಅಂತ ಒಮ್ಮತದಿಂದ ವಜಾ ಮಾಡಿತು.

2024ರ ಮಾರ್ಚ್‌ನಲ್ಲಿ ಫೆಡರಲ್ ನ್ಯಾಯಾಧೀಶರ ನೀತಿ ರೂಪಿಸುವ ಮಂಡಳಿ ಹೇಳಿತು: ರಾಜ್ಯದ ಅಥವಾ ದೇಶದ ಕಾನೂನಿಗೆ ತಡೆ ಕೇಳುವ ಕೇಸುಗಳನ್ನು ಒಂದು ಊರಿನ ಒಬ್ಬರಿಗೆ ಕೊಡಬೇಡಿ, ಇಡೀ ಜಿಲ್ಲೆಯ ನ್ಯಾಯಾಧೀಶರ ನಡುವೆ ಚೀಟಿ ಎತ್ತಿ. ಉತ್ತರ ಟೆಕ್ಸಸ್ ಜಿಲ್ಲಾ ನ್ಯಾಯಾಲಯ ಆ ತಿಂಗಳ ಕೊನೆಯಲ್ಲೇ, ನಾವು ಬದಲಾಯಿಸಲ್ಲ ಅಂತ ತಿಳಿಸಿತು. ಹೇಳಿದ್ದು ಸಲಹೆ, ಆಜ್ಞೆ ಅಲ್ಲ.

ಅಷ್ಟರಲ್ಲಿ ಐದನೇ ಸರ್ಕಿಟ್ ಪೂರ್ತಿ ಬದಲಾಗಿದೆ. 1981ರಲ್ಲಿ ಅದನ್ನು ಎರಡಾಗಿ ಒಡೆದರು, ಅಲಬಾಮ, ಜಾರ್ಜಿಯ, ಫ್ಲಾರಿಡ ಹನ್ನೊಂದನೇ ಸರ್ಕಿಟ್‌ಗೆ ಹೋದವು. ಉಳಿದ ಮೂರು ರಾಜ್ಯದ ಕೋರ್ಟಿನಲ್ಲಿ 17 ನ್ಯಾಯಾಧೀಶರು, 12 ಜನ ರಿಪಬ್ಲಿಕನ್ ಅಧ್ಯಕ್ಷರು ನೇಮಿಸಿದವರು. ಈಗ ಅದು ದೇಶದ ಅತಿ ಸಂಪ್ರದಾಯವಾದಿ ಮೇಲ್ಮನವಿ ನ್ಯಾಯಾಲಯಗಳಲ್ಲಿ ಒಂದು. ನ್ಯೂ ಆರ್ಲಿಯನ್ಸ್‌ನಲ್ಲಿ ಅವರು ಕೂರುವ ಕಟ್ಟಡದ ಹೆಸರು ಜಾನ್ ಮೈನರ್ ವಿಸ್ಡಮ್ ಕಟ್ಟಡ.

ಇನ್ನು ಸ್ಮಿತ್ ಅವರ ದೂರಿಗೆ ಬರೋಣ. ಪೀಠದ ಆಯ್ಕೆ ಬಗ್ಗೆ ಅವರು ತಕರಾರು ಎತ್ತಿಲ್ಲ, ಕಾಲದ ಬಗ್ಗೆ ಎತ್ತಿದರು. ಅಭ್ಯರ್ಥಿಗಳು ಹೆಸರು ಕೊಡೋಕೆ ನವೆಂಬರ್ 8ಕ್ಕೆ ಶುರು, ಡಿಸೆಂಬರ್ 8 ಕೊನೆ. ಬ್ರೌನ್ ಕಾಯುತ್ತಾ ಕೂತಿದ್ದರೆ ಆದೇಶಕ್ಕೆ ಬೆಲೆಯೇ ಇರ್ತಿರಲಿಲ್ಲ. ಟಟಲ್ ಎದುರಿಗೆ ಇದ್ದದ್ದೂ ಇಂಥದ್ದೇ ಗಡಿಯಾರ. ಹಾಗಂತ ಸ್ಮಿತ್ ಅವರ ಅಹವಾಲನ್ನು ಪೂರ್ತಿ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಮೂರು ಜನ ಕೂರಬೇಕು ಅಂತ 1910ರಲ್ಲಿ ನಿಯಮ ಮಾಡಿದ್ದೇ ಮೂರನೆಯವರ ಮಾತೂ ಕೇಳಿಸಲಿ ಅಂತ. ಆದರೆ ಆ ಅಹವಾಲನ್ನು ಸೊರೊಸ್ ಹೆಸರಿನ ಜೊತೆ ಕಟ್ಟಿ ಕೊಟ್ಟರೆ ಅದನ್ನು ಗಂಭೀರವಾಗಿ ತಗೊಳ್ಳೋರು ಯಾರು? ಕ್ಯಾಮರನ್ ಕಡೇಪಕ್ಷ ಕೇಸುಗಳ ಪಟ್ಟಿ ಕೊಟ್ಟಿದ್ದರು.

ಟೆಕ್ಸಸ್ ನೇರ ಸುಪ್ರೀಂ ಕೋರ್ಟಿಗೆ ಹೋಯಿತು. ಡಿಸೆಂಬರ್ 4ರಂದು ಮೂವರ ಪೀಠದ ಆದೇಶಕ್ಕೆ ತಡೆ ಬಿತ್ತು. ಅಲ್ಲೂ ಬಿರುಕು, 6-3. ನ್ಯಾಯಮೂರ್ತಿ ಎಲೆನಾ ಕೇಗನ್ ಭಿನ್ನಮತ ಬರೆದರು: ಸಾಕ್ಷಿಗಳನ್ನು ದಿನಗಟ್ಟಲೆ ಕಣ್ಣಾರೆ ಕಂಡು, ಕೇಳಿ ಬರೆದ 160 ಪುಟಗಳನ್ನು ನಾವು ಹಬ್ಬದ ರಜೆಯ ವಾರಾಂತ್ಯದಲ್ಲಿ ಕಾಗದ ತಿರುವಿ ಬದಿಗಿಟ್ಟೆವು ಅಂತ. ನಾಲ್ಕು ದಿನ ಬಿಟ್ಟು ನಾಮಪತ್ರದ ಅವಧಿ ಮುಗಿಯಿತು, ಹೊಸ ನಕ್ಷೆಯ ಮೇಲೇ.